ಫೋರ್ಟ್ ಅಗಸ್ಟಸ್ ಲಾಕ್‌ನಲ್ಲಿ ದೋಣಿ ಅಡ್ಡ ತಿರುಗಿತು, ಎಲ್ಲಿ ತಪ್ಪಿದೆ?

ಗ್ಲಾಸ್ಗೋ ಗೌಡ:
ಎಲ್ಲರಿಗೂ ನಮಸ್ಕಾರ. ಬಾಡಿಗೆ ಮೋಟಾರ್ ದೋಣಿಯಲ್ಲಿ ಸ್ಕಾಟ್ಲೆಂಡಿನ ಕ್ಯಾಲಿಡೋನಿಯನ್ ಕಾಲುವೆ ಸುತ್ತಲು ಬಂದಿದ್ದೇವೆ, ನಾನು, ಹೆಂಡತಿ, ಭಾವಮೈದ. ನಿನ್ನೆ ನೆಸ್ ಸರೋವರ ದಾಟಿ ಫೋರ್ಟ್ ಅಗಸ್ಟಸ್‌ನ 5 ಲಾಕ್ ಹತ್ತಿದೆವು. (ಇಲ್ಲಿ ಸರೋವರಕ್ಕೂ ಲಾಕ್, ನೀರಿನ ಮೆಟ್ಟಿಲಿಗೂ ಲಾಕ್, ಅಂದರೆ ಎರಡೂ ತುದಿಗೆ ಗೇಟಿದ್ದು, ನೀರು ತುಂಬಿ ಇಲ್ಲವೇ ಖಾಲಿ ಮಾಡಿ ದೋಣಿಯನ್ನು ಏರಿಸಿ ಇಳಿಸುವ ತೊಟ್ಟಿ. ಕನ್ನಡದಲ್ಲಿ ಬರೆಯುವಾಗ ಪಜೀತಿ, ಅದಕ್ಕೇ ಸರೋವರ ಅಂತ ಬರೆದೆ.) ಮೊದಲನೆಯದರಲ್ಲೇ ಜೀವ ಬಾಯಿಗೆ ಬಂತು. ಮುಂದೊಂದು ಹಿಂದೊಂದು ಹಗ್ಗ ದಡದ ಕೊಕ್ಕೆಗೆ ಸಿಕ್ಕಿಸಿ, ಈಚೆ ತುದಿಯನ್ನು ದೋಣಿಯ ಕ್ಲೀಟ್‌ಗೆ (ಹಗ್ಗ ಸುತ್ತುವ ಗೂಟ) ಬಿಗಿಯಾಗಿ ಗಂಟು ಹಾಕಿದ್ದೆ. ನೀರು ಬಿಟ್ಟರು, ದೋಣಿ ಏರಿತು, ನೋಡನೋಡುತ್ತಲೇ ಮೂತಿ ತಿರುಗಿ ಎದುರು ಗೋಡೆಗೆ ಬಡಿಯಿತು. ಗಾಬರಿಯಲ್ಲಿ ಎಂಜಿನ್ ಜೋರು ಮಾಡಿದೆ, ಇನ್ನೂ ಕೆಟ್ಟಿತು. ಕಟ್ಟಿದ್ದರೂ ಹೀಗ್ಯಾಕೆ? ನಾಳೆ ಕೈಟ್ರಾ, ಕಲ್ಲೊಖಿ ಲಾಕ್ ಇವೆ.

ಹಳೇ ಅಂಬಿಗ:
ಕಟ್ಟಿದ್ದಕ್ಕೇ ಹೀಗಾಯಿತು ಗೌಡ್ರೇ! ಕೊಕ್ಕೆ ಗೋಡೆಯ ಮೇಲೆ, ದೋಣಿ ಕೆಳಗೆ. ದೋಣಿ ಏರಿದಷ್ಟೂ ಹಗ್ಗ ಸಡಿಲ ಆಗುತ್ತದೆ. ನೀರು ಬರುವುದು ಮೇಲಿನ ಗೇಟಿನ ಕಡೆಯಿಂದ, ನಮ್ಮೂರ ಕೆರೆ ತೂಬು ಎತ್ತಿದಾಗ ನುಗ್ಗುತ್ತಲ್ಲ, ಹಾಗೆ. ಆ ರಭಸ ಮೊದಲು ತಾಗುವುದು ಮೂತಿಗೆ. ಜೋತುಬಿದ್ದ ಹಗ್ಗ ಏನು ತಡೆದೀತು?

ಕ್ಲೀಟ್‌ಗೆ ಒಂದೇ ಸುತ್ತು ಹಾಕಿ, ತುದಿ ಕೈಯಲ್ಲಿಟ್ಟುಕೊಂಡು ಏರಿದಂತೆಲ್ಲ ಎಳೆದುಕೊಳ್ಳುತ್ತಾ ಇರಿ. ಭಾರ ಹಿಡಿಯುವುದು ಆ ಸುತ್ತಿನ ತಿಕ್ಕಾಟ, ನಿಮ್ಮ ತೋಳಲ್ಲ. ಕೈಗೆ ಮಾತ್ರ ಸುತ್ತಿಕೊಳ್ಳಬೇಡಿ, ಬೆರಳು ಹೋಗುತ್ತೆ. ಮುಂದಿನ ಹಗ್ಗ ಗಟ್ಟಿ ಆಳಿಗೆ ಕೊಡಿ. ಫೆಂಡರ್ (ಗೋಡೆಯ ಪೆಟ್ಟು ತಡೆಯುವ ದಿಂಬು) ಎರಡೂ ಕಡೆ ಇಳಿಬಿಡಿ. ಎಂಜಿನ್ನಿನ ತಂಟೆಗೆ ಹೋಗಬೇಡಿ.

ಇನ್ವರ್ನೆಸ್ ಅಕ್ಕ:
ಅಂಬಿಗರು ಹೇಳಿದ್ದು ಹತ್ತುವುದಕ್ಕೆ. ಕಲ್ಲೊಖಿ ಆದಮೇಲೆ ಬರುವ ಆಯ್ಕ್ ಸರೋವರವೇ ಈ ಕಾಲುವೆಯ ನೆತ್ತಿ, ಸಮುದ್ರಮಟ್ಟದಿಂದ 32 ಮೀಟರ್. ಅಲ್ಲಿಂದ ಮುಂದೆ ಲ್ಯಾಗನ್‌ನಲ್ಲಿ ಇಳಿಯುವ ಲಾಕ್, ಎಲ್ಲಾ ಉಲ್ಟಾ. ನೀರು ಇಳಿದಂತೆ ಹಗ್ಗ ಬಿಡುತ್ತಾ ಹೋಗಬೇಕು. ಗಂಟು ಹಾಕಿದಿರೋ, ದೋಣಿ ಗೋಡೆಗೆ ನೇತಾಡುತ್ತದೆ! ಒಂದು ಸಲ ಕಣ್ಣಾರೆ ಕಂಡಿದ್ದೇನೆ, ಕೊನೆಗೆ ಹಗ್ಗ ಕುಯ್ಯಬೇಕಾಯಿತು. ಚಾಕು ಕೈಗೆಟುಕುವಲ್ಲಿ ಇರಲಿ. ಲಾಕ್ ಸಿಬ್ಬಂದಿ ರೇಡಿಯೋದ 74ನೇ ಚಾನೆಲ್‌ನಲ್ಲಿ ಸಿಗುತ್ತಾರೆ, ಏನಾದರೂ ಸಿಕ್ಕಿಕೊಂಡರೆ ಸಂಕೋಚ ಬೇಡ, ಕೂಗಿ ಹೇಳಿ, ನೀರು ನಿಲ್ಲಿಸುತ್ತಾರೆ.

ಗ್ಲಾಸ್ಗೋ ಗೌಡ:
ಕೈಟ್ರಾ ಆಯಿತು, ಕಲ್ಲೊಖಿನೂ ಆಯಿತು. ಭಾವಮೈದ ಮುಂದೆ, ನಾನು ಹಿಂದೆ, ದೋಣಿ ಗೋಡೆಗೆ ಅಂಟಿದಂಗೆ ಏರಿತು. ಆದರೆ ಸಂಜೆ ತಂಗುವಾಗ ಗಾಳಿ ಬೆನ್ನಿಗೆ ಬಿದ್ದು ಪಾಂಟೂನ್‌ಗೆ (ದೋಣಿ ಕಟ್ಟುವ ತೇಲು ಕಟ್ಟೆ) ನಿಲ್ಲಿಸಲು ಮೂರು ಸಲ ಸುತ್ತಿದೆ. ಅದಕ್ಕೇನು ಮದ್ದು?

ಹಳೇ ಅಂಬಿಗ:
ಈ ಕಣಿವೆ ಉದ್ದಕ್ಕೂ ಗಾಳಿ ಕೊಳವೆಯಲ್ಲಿ ಬಂದಂತೆ ಬರುತ್ತದೆ. ಮೂತಿ ಗಾಳಿಗೆ ಎದುರು ಮಾಡಿ ನಿಧಾನ ಬನ್ನಿ, ಗಾಳಿಯೇ ಬ್ರೇಕು. ಮೊದಲು ಮುಂದಿನ ಹಗ್ಗ ಕಟ್ಟಿ, ಆಮೇಲೆ ಹಿಂದಿನದು. ಇಲ್ಲಿ ಗಂಟು ಹಾಕಬಹುದು ಗೌಡ್ರೇ, ಪಾಂಟೂನ್ ನೀರಿನ ಜೊತೆಗೇ ಏರಿಳಿಯುತ್ತೆ.