ಪುಟ್ಟಿ ಇಂಗ್ಲಿಷ್ ಲಿಟರೇಚರ್ ಓದ್ತೀನಿ ಅಂದಿದ್ದಕ್ಕೆ ದೊಡ್ಡಮ್ಮನ ವಾಯ್ಸ್ ಮೆಸೇಜು

ಹಲೋ, ಹಾಂ, ರೆಕಾರ್ಡ್ ಆಗ್ತಿದೆ ಅನ್ಸುತ್ತೆ. ಟೈಪ್ ಮಾಡೋಕೆ ಹೋದ್ರೆ ನಾನೊಂದು ಒತ್ತಿದ್ರೆ ಈ ಫೋನು ಇನ್ನೊಂದು ಬರೆಯುತ್ತೆ, ಅದಕ್ಕೆ ಬಾಯಲ್ಲೇ ಹೇಳ್ತಿದೀನಿ, ಉದ್ದ ಆಯ್ತು ಅಂತ ಯಾರೂ ಸ್ಪೀಡ್ ಜಾಸ್ತಿ ಮಾಡ್ಕೊಂಡು ಕೇಳ್ಬೇಡಿ.

ನೋಡಮ್ಮಾ, ಬೆಳಿಗ್ಗೆ ನೀನು ಗ್ರೂಪಲ್ಲಿ ಹಾಕಿದ್ದು ಓದಿದೆ. ಪುಟ್ಟಿ ಪಿಯುಸಿ ಸೈನ್ಸಲ್ಲಿ ಅಷ್ಟು ಚೆನ್ನಾಗಿ ಮಾಡಿ ಈಗ ಇಂಜಿನಿಯರಿಂಗ್ ಬೇಡ, ಬಿಎ ಸೇರ್ತೀನಿ, ಇಂಗ್ಲಿಷ್ ಲಿಟರೇಚರ್ ಓದ್ತೀನಿ, ಆಮೇಲೆ ಬರೀತೀನಿ ಅಂತ ಹಟ ಹಿಡಿದು ಕೂತಿದಾಳೆ, ಮುಂದೆ ಹೊಟ್ಟೆಪಾಡಿಗೇನು ದೊಡ್ಡಮ್ಮ ಅಂತ ಕೇಳಿದೀಯ. ಅದರ ಕೆಳಗೆ ನಿಮ್ಮ ಮಾವ ಎರಡೇ ಪದ, ಸ್ಕೋಪ್ ಇಲ್ಲ, ಅಂತ ಹಾಕಿ ಕೈ ಮುಗಿದಿರೋ ಚಿತ್ರ ಬೇರೆ ಹಾಕಿದಾರೆ. ಅವರು ಯಾವ ಸ್ಕೋಪ್ ನೋಡಿ ಯಾವ ಕಂಪನಿ ಸೇರಿದ್ರು, ಅದು ಎಷ್ಟು ವರ್ಷ ಬಾಳಿತು ಅಂತ ನಮ್ಮನೆಯವರಿಗೆಲ್ಲ ಗೊತ್ತು, ನಾನ್ಯಾಕೆ ಬಾಯಿ ಬಿಡ್ಲಿ.

ಇಂಗ್ಲಿಷ್ ಓದಿದವರು ಉದ್ಧಾರ ಆಗಲ್ಲ ಅನ್ನೋದು ಸುಳ್ಳು ಕಣೇ. ಕನ್ನಡ ಕಣ್ವ ಬಿಎಂಶ್ರೀ ಇಂಗ್ಲಿಷ್ ಮೇಷ್ಟ್ರು. ಗೋಕಾಕರು ಇಂಗ್ಲಿಷ್ ಪ್ರೊಫೆಸರ್ರು, ಅಡಿಗರು ಇಂಗ್ಲಿಷ್ ಪಾಠ ಹೇಳಿದವರು, ಅನಂತಮೂರ್ತಿ ಮೈಸೂರಲ್ಲಿ ಇಂಗ್ಲಿಷ್ ಎಂಎ ಮಾಡಿ ಬರ್ಮಿಂಗ್‌ಹ್ಯಾಮಲ್ಲಿ 1966ರಲ್ಲಿ ಪಿಎಚ್‌ಡಿ ತಗೊಂಡು ಬಂದು ಮತ್ತೆ ಮೈಸೂರಲ್ಲೇ ಇಂಗ್ಲಿಷ್ ಹೇಳಿಕೊಟ್ರು, ಲಂಕೇಶರು ಕೂಡ ಬೆಂಗಳೂರಲ್ಲಿ ಇಂಗ್ಲಿಷ್ ಮೇಷ್ಟ್ರಾಗಿದ್ದು ಕೆಲಸ ಬಿಟ್ಟು 1980ರಲ್ಲಿ ಪತ್ರಿಕೆ ಶುರು ಮಾಡಿದ್ದು. ಇವರೆಲ್ಲ ಓದಿದ್ದು ಇಂಗ್ಲಿಷು, ಬರೆದಿದ್ದು ಕನ್ನಡ. ಪುಟ್ಟಿಗೆ ಇದನ್ನ ಹೇಳು, ಇಂಗ್ಲಿಷ್ ಮೇಜರ್ ಅಂದ ತಕ್ಷಣ ಮನೇಲಿ ಕನ್ನಡ ಮಾತಾಡೋದು ಬಿಟ್ಟು ಆಕ್ಸೆಂಟ್ ಶುರು ಮಾಡೋದು ಬೇಡ. 2025ರಲ್ಲಿ ಇಂಟರ್‌ನ್ಯಾಷನಲ್ ಬೂಕರ್ ಪ್ರಶಸ್ತಿ ಬಂತಲ್ಲ ಹಾಸನದ ಬಾನು ಮುಷ್ತಾಕ್ ಅವರಿಗೆ, ಅದು ಬರೋಕೆ ಮಡಿಕೇರಿಯ ದೀಪಾ ಭಾಸ್ತಿ ಬಾನು ಅವರ ಕನ್ನಡ ಕಥೆಗಳನ್ನ ಇಂಗ್ಲಿಷಿಗೆ ತರಬೇಕಾಯ್ತು, 50,000 ಪೌಂಡ್ ಇಬ್ಬರಿಗೂ ಸಮಪಾಲು. ಸ್ಕೋಪ್ ಇಲ್ಲ ಅಂದವರು ಅದನ್ನ ರೂಪಾಯಿಗೆ ಲೆಕ್ಕ ಹಾಕಿ ನೋಡ್ಲಿ. ಎಲ್ಲರಿಗೂ ಬೂಕರ್ ಬರಲ್ಲ, ಅದು ನಂಗೂ ಗೊತ್ತು.

ನಾನು ಹೇಳಬೇಕು ಅಂದ್ಕೊಂಡಿದ್ದು ಬೇರೆ. ಕಾಲೇಜಿನ ಪ್ರಾಸ್ಪೆಕ್ಟಸಲ್ಲಿ ಆಪ್ಷನಲ್ ಇಂಗ್ಲಿಷ್, ಅಂದ್ರೆ ಇಂಗ್ಲಿಷ್ ಸಾಹಿತ್ಯಾನೇ ಮುಖ್ಯ ಸಬ್ಜೆಕ್ಟಾಗಿ ಓದೋದು, ಅಂತ ಪ್ರಿಂಟ್ ಆಗಿದೆ ಅಂತ ನಂಬಿ ಫೀಸ್ ಕಟ್ಬೇಡಿ. ಮೂರು ವರ್ಷವೂ ಆ ಸಬ್ಜೆಕ್ಟ್ ಇರುತ್ತಾ ಅಂತ ಖಾತ್ರಿ ಮಾಡ್ಕೊಳ್ಳಿ. ನನ್ನ ಕಥೆ ನಿಮಗೆಲ್ಲ ಅರ್ಧಂಬರ್ಧ ಗೊತ್ತು, ದೊಡ್ಡಮ್ಮ ಸೋಷಿಯಲ್ ಟೀಚರ್ ಅಂತ. ಸೋಷಿಯಲ್ ಟೀಚರ್ ಹೇಗಾದೆ ಅಂತ ಯಾರೂ ಕೇಳಿಲ್ಲ.

ನಮ್ಮೂರ ಕಾಲೇಜಲ್ಲಿ ನಾನು ತಗೊಂಡಿದ್ದು ಹಿಸ್ಟರಿ, ಎಕನಾಮಿಕ್ಸ್, ಆಪ್ಷನಲ್ ಇಂಗ್ಲಿಷು. ಬೇಸಿಕ್ ಇಂಗ್ಲಿಷ್ ಎಲ್ಲರಿಗೂ ಇತ್ತು, ಅದು ಬೇರೆ, ಅದರಲ್ಲಿ ಪ್ರೆಸಿ, ಲೆಟರ್ ರೈಟಿಂಗ್ ಇವೇ. ಆಪ್ಷನಲ್‌ಗೆ ನಾವು ಆರು ಜನ, ಅದರಲ್ಲಿ ಹುಡುಗಿ ನಾನೊಬ್ಬಳೇ. ಆರು ಜನಕ್ಕೆ ಕ್ಲಾಸ್ ರೂಮ್ ಯಾಕೆ ಅಂತ ಲೈಬ್ರರಿ ಪಕ್ಕ ಹಳೇ ಬೀರುಗಳನ್ನ ಇಟ್ಟಿದ್ದ ಕೋಣೆ ಕೊಟ್ಟಿದ್ರು. ಮೇಷ್ಟ್ರು ಧಾರವಾಡದ ಕಡೆಯವರು, ಖಾದಿ ಅಂಗಿ, ಜೇಬಲ್ಲಿ ಯಾವಾಗ್ಲೂ ಗಿಡ್ಡ ಪೆನ್ಸಿಲ್ಲು. ಶೇಕ್ಸ್‌ಪಿಯರನ ನಾಟಕ ಮ್ಯಾಕ್‌ಬೆತ್ ಮಾಡ್ತಿದ್ರು. ರಾಜನ ಕೊಲೆ ಆಗಿದೆ, ಗಂಡ ಹೆಂಡತಿ ಕೈ ಎಲ್ಲ ರಕ್ತ, ಆಗ ಹೊರಗಡೆ ಯಾರೋ ಬಾಗಿಲು ಬಡೀತಾರೆ, ತೆಗೆಯೋಕೆ ಬರೋ ಕಾವಲುಗಾರ ಕಂಠಪೂರ್ತಿ ಕುಡಿದಿರ್ತಾನೆ, ಏನೇನೋ ಬಡಬಡಿಸ್ತಾನೆ. ಮೇಷ್ಟ್ರು ಎರಡೂ ಕೈಲಿ ಮೇಜು ಗುದ್ದಿ ಗುದ್ದಿ ಆ ಸದ್ದು ತೋರಿಸಿದ್ರು, ಪಕ್ಕದ ರೂಮಿಂದ ಹಿಸ್ಟರಿ ಲೆಕ್ಚರರ್ ಏನಾಯ್ತು ಅಂತ ಓಡಿ ಬಂದ್ರು. ಕೊಲೆ ಆದ ತಕ್ಷಣ ನಗಿಸೋ ಸೀನ್ ಯಾಕಿಟ್ಟ ಹೇಳಿ ಅಂತ ಕೇಳಿದ್ರು, ನಾವು ಒಬ್ಬೊಬ್ಬರೂ ಒಂದೊಂದು ಹೇಳಿದ್ವಿ, ಎಲ್ಲದಕ್ಕೂ ಹೂಂ ಅಂದ್ರು, ಉತ್ತರ ಮಾತ್ರ ಹೇಳಲಿಲ್ಲ. ಸಾಹಿತ್ಯ ಓದೋದು ಅಂದ್ರೆ ಅದು. ಅಂಗಡಿ ಗೈಡಲ್ಲಿ ಅದಕ್ಕೆ ಐದು ಪಾಯಿಂಟ್ ಇತ್ತು, ಪರೀಕ್ಷೆಗೆ ಅದನ್ನೇ ಬರೆದು ಪಾಸಾಗಬಹುದಿತ್ತು.

ಎರಡನೇ ವರ್ಷ ರಜೆ ಮುಗಿಸಿ ಹೋಗ್ತೀವಿ, ನೋಟಿಸ್ ಬೋರ್ಡಲ್ಲಿ ಒಂದು ಚೀಟಿ, ನೇರಳೆ ಇಂಕಿನ ಸೀಲು, ಸ್ಟ್ರೆಂತ್ ಸಾಲದ ಕಾರಣ ಐಚ್ಛಿಕ ಇಂಗ್ಲಿಷ್ ವಿಭಾಗ ನಿಲ್ಲಿಸಲಾಗಿದೆ, ವಿದ್ಯಾರ್ಥಿಗಳು ಸೋಷಿಯಾಲಜಿಗೆ ಬದಲಾಯಿಸಿಕೊಳ್ಳತಕ್ಕದ್ದು. ಅಷ್ಟೇ. ಮೇಷ್ಟ್ರಿಗೆ ವರ್ಗ ಆಗಿತ್ತು. ಮೈಸೂರಿಗೆ ಹೋಗಿ ಮಹಾರಾಣಿ ಕಾಲೇಜಲ್ಲಿ ಓದ್ತೀನಿ, ಹಾಸ್ಟೆಲಿಗೆ ಸೇರಿಸಿ ಅಂತ ಮನೇಲಿ ಎಷ್ಟು ಅತ್ತೆ, ಯಾರೂ ಕಿವಿಗೆ ಹಾಕ್ಕೊಳ್ಳಲಿಲ್ಲ. ಸೋಷಿಯಾಲಜಿ ಓದಿ ಡಿಗ್ರಿ ಮುಗಿಸಿ ಎಂಎ ಇಂಗ್ಲಿಷಿಗೆ ಅರ್ಜಿ ಹಾಕಿದ್ರೆ, ಡಿಗ್ರಿಯಲ್ಲಿ ಆಪ್ಷನಲ್ ಆಗಿ ಓದಿಲ್ಲ ಅಂತ ವಾಪಸ್ ಬಂತು. ಆಮೇಲೆ ಬಿಎಡ್, ಅದರಲ್ಲೂ ಓದಿದ ಸಬ್ಜೆಕ್ಟಲ್ಲೇ ಮೆಥಡ್, ಅಂದ್ರೆ ಪಾಠ ಮಾಡೋಕೆ ಕಲಿಯೋ ವಿಷಯ, ಹಂಗಾಗಿ ಸೋಷಿಯಲ್ ಟೀಚರ್.

ತಮಾಷೆ ಕೇಳು, ನಾನು ಹೋದ ಹೈಸ್ಕೂಲುಗಳಲ್ಲೆಲ್ಲ ಇಂಗ್ಲಿಷ್ ಪೋಸ್ಟ್ ಖಾಲಿ! ಮೇಡಂ ನಿಮಗೆ ಇಂಗ್ಲಿಷ್ ಚೆನ್ನಾಗಿ ಬರುತ್ತಲ್ಲ, ಎಸ್ಎಸ್ಎಲ್‌ಸಿಗೆ ನೀವೇ ತಗೊಳ್ಳಿ ಅಂತ ಎಚ್ಎಂ. ಪಾಠ ಮಾಡಿದ್ದು ಇಂಗ್ಲಿಷು, ರಿಸಲ್ಟ್ ಬಂದಿದ್ದು ಇಂಗ್ಲಿಷಲ್ಲಿ, ವ್ಯಾಲ್ಯುಯೇಷನ್‌ಗೆ ಹೋದ್ರೆ ಮಾತ್ರ ಸಮಾಜ ವಿಜ್ಞಾನದ ಬಂಡಲ್ಲು. ರಿಟೈರ್ ಆಗೋ ದಿನ ಹಾರ ಹಾಕಿ ಕೊಟ್ಟ ಅಭಿನಂದನಾ ಪತ್ರದಲ್ಲೂ ಸಮಾಜ ವಿಜ್ಞಾನ ಶಿಕ್ಷಕಿ ಅಂತಲೇ ಇದೆ, ಬಂದಾಗ ತೋರಿಸ್ತೀನಿ.

ಅದಕ್ಕೇ ಮತ್ತೆ ಹೇಳ್ತಿದೀನಿ, ಪ್ರಾಸ್ಪೆಕ್ಟಸ್ ನಂಬಿ ಫೀಸ್ ಕಟ್ಬೇಡಿ, ಮೂರನೇ ವರ್ಷದ ತನಕ ಇಂಗ್ಲಿಷ್ ಇರುತ್ತಾ ಕೇಳಿ. ಈಗ ಕಾಲ ಬದಲಾಗಿದೆ ಅನ್ಬೇಡ. 2021ರಲ್ಲಿ ಎನ್ಇಪಿ, ಅಂದ್ರೆ ರಾಷ್ಟ್ರೀಯ ಶಿಕ್ಷಣ ನೀತಿ ಅಂತ ಡಿಗ್ರಿ ನಾಲ್ಕು ವರ್ಷದ್ದು ಮಾಡಿದ್ರು, 2024ರಲ್ಲಿ ಅದು ಬೇಡ ಅಂತ ವಾಪಸ್ ಮೂರು ವರ್ಷಕ್ಕೆ ತಂದ್ರು, ಒಂದೇ ಮನೇಲಿ ಅಕ್ಕ ಒಂದು ಸಿಲಬಸ್ಸು ತಂಗಿ ಒಂದು ಸಿಲಬಸ್ಸು. ಸಣ್ಣ ಊರ ಕಾಲೇಜುಗಳಲ್ಲಿ ಆಪ್ಷನಲ್ ಇಂಗ್ಲಿಷಿಗೆ ಮಕ್ಕಳು ಸೇರೋದು ಇವತ್ತಿಗೂ ಕಮ್ಮಿ, ಕಷ್ಟ ಅಂತ ಹೆದರ್ತಾರೆ. ಸರ್ಕಾರಿ ಕಾಲೇಜಲ್ಲಿ ಬಹಳಷ್ಟು ಪಾಠ ನಡೆಯೋದು ಅತಿಥಿ ಉಪನ್ಯಾಸಕರಿಂದ, ಕಾಲೇಜು ಶುರುವಾಗಿ ಎಷ್ಟೋ ದಿನ ಆದ್ಮೇಲೆ ಅವರ ನೇಮಕ ಆಗುತ್ತೆ, ಪಾಪ ಅವರ ಸಂಬಳದ್ದೇ ಒಂದು ದೊಡ್ಡ ಗೋಳು.

ದುಡ್ಡಿರಲಿಲ್ಲ ಅಂತ ಯಾರೂ ಹೇಳ್ಬೇಡಿ. ನನ್ನ ಹಾಸ್ಟೆಲಿಗೆ ದುಡ್ಡಿರಲಿಲ್ಲ, ಅದಾದ ಎರಡು ವರ್ಷಕ್ಕೆ ತೋಟದ ಪಕ್ಕದ ಜಾಗ ಮಾರಿ ಒಬ್ಬರಿಗೆ ಡೊನೇಷನ್ ಕಟ್ಟಿ ಇಂಜಿನಿಯರಿಂಗ್ ಸೇರಿಸಿದ್ರು. ಯಾರು ಅಂತ ಹೇಳಲ್ಲ, ಈ ಗ್ರೂಪಲ್ಲೇ ಇದಾರೆ, ಸ್ಕೋಪ್ ಬಗ್ಗೆ ಮಾತಾಡ್ತಾರೆ. ಅದನ್ನ ಮರೆತಿದೀನಿ ಬಿಡು. ಮರೆಯೋಕಾಗದೇ ಇರೋದು ಪುಸ್ತಕದ್ದು. ವರ್ಗ ಆಗಿ ಹೋಗೋವಾಗ ಮೇಷ್ಟ್ರು ತಮ್ಮ ಮ್ಯಾಕ್‌ಬೆತ್ ನಂಗೆ ಕೊಟ್ಟು ಹೋಗಿದ್ರು, ಪುಟ ಪುಟದ ಅಂಚಲ್ಲೂ ಆ ಗಿಡ್ಡ ಪೆನ್ಸಿಲಲ್ಲಿ ಕನ್ನಡದಲ್ಲಿ ಸಣ್ಣ ಸಣ್ಣ ಟಿಪ್ಪಣಿ. ಅಮ್ಮನ ಮನೆ ಅಟ್ಟದ ಮೇಲೆ ನನ್ನ ಟ್ರಂಕಲ್ಲಿತ್ತು. ಗೃಹಪ್ರವೇಶಕ್ಕೆ ಮುಂಚೆ ಸುಣ್ಣ ಬಣ್ಣ ಮಾಡಿಸೋವಾಗ ಇಡೀ ಟ್ರಂಕ್ ಖಾಲಿ ಮಾಡಿ ಹಳೇ ಪೇಪರ್ ಜೊತೆ ತೂಕಕ್ಕೆ ಹಾಕಿದ್ರು. ಟ್ರಂಕ್ ಮಾತ್ರ ಇಟ್ಕೊಂಡಿದಾರೆ, ಈಗ ಅದರಲ್ಲಿ ದೀಪಾವಳಿ ಸೀರಿಯಲ್ ಸೆಟ್ಟು ಇಟ್ಟಿದಾರೆ, ಹೋದ ಸಲ ಹೋದಾಗ ಕಣ್ಣಾರೆ ನೋಡ್ದೆ. ನನ್ನನ್ನ ಒಂದು ಮಾತು ಕೇಳಬಹುದಿತ್ತು ತಾನೆ? ಈಗ ನಂಗೆ ಮೊಮ್ಮಗ ಅದನ್ನ ಟ್ಯಾಬಲ್ಲಿ ಹಾಕಿಕೊಟ್ಟಿದಾನೆ, ಅದರ ಅಂಚಲ್ಲಿ ಏನಿದೆ, ಬ್ಯಾಟರಿ ಪರ್ಸೆಂಟೇಜು.

ಅಯ್ಯೋ ಕುಕ್ಕರ್ ಎಷ್ಟು ಕೂಗಿತೋ... ತಡಿ, ಮುಖ್ಯವಾದ್ದೇ ಹೇಳಲಿಲ್ಲ.

ಕಾಲೇಜಿಗೆ ಹೋದಾಗ ಆಫೀಸಲ್ಲಿ ಕೇಳ್ಬೇಡ, ಅವರು ಎಲ್ಲಾ ಇದೆ ಮೇಡಂ ಅಂತಾರೆ. ಈಗ ಫೈನಲ್ ಇಯರಲ್ಲಿ ಇಂಗ್ಲಿಷ್ ಓದ್ತಿರೋ ಒಬ್ಬ ಹುಡುಗೀನ ಹುಡುಕಿ ಅವಳನ್ನ ಕೇಳು, ನಿಮ್ಮ ಬ್ಯಾಚಲ್ಲಿ ಎಷ್ಟು ಜನ ಇದೀರ, ಪರ್ಮನೆಂಟ್ ಲೆಕ್ಚರರ್ ಎಷ್ಟು ಜನ, ಟೆಕ್ಸ್ಟ್ ಓದಿಸ್ತಾರಾ ಇಲ್ಲ ನೋಟ್ಸ್ ಡಿಕ್ಟೇಟ್ ಮಾಡ್ತಾರಾ ಅಂತ. ಟೈಮ್‌ಟೇಬಲ್ ಫೋಟೋ ಹೊಡ್ಕೊ. ಯುಯುಸಿಎಂಎಸ್‌ನಲ್ಲಿ ಅಂದ್ರೆ ಡಿಗ್ರಿ ಅಡ್ಮಿಷನ್ನಿನ ಸರ್ಕಾರಿ ವೆಬ್‌ಸೈಟಲ್ಲಿ ಅರ್ಜಿ ತುಂಬೋವಾಗ ಕಾಂಬಿನೇಷನ್ ಸರಿಯಾಗಿ ಆಯ್ಕೆ ಆಗಿದ್ಯಾ ಅಂತ ನೋಡಿ ಆಮೇಲೆ ಸಬ್ಮಿಟ್ ಒತ್ತಿ, ಸೈಬರ್ ಸೆಂಟರ್ ಹುಡುಗನ ಕೈಗೆ ಬಿಟ್ಟು ಕಾಫಿ ಕುಡಿಯೋಕೆ ಹೋಗ್ಬೇಡಿ. ಬೆಂಗಳೂರು ಕಡೆ ಜರ್ನಲಿಸಂ, ಸೈಕಾಲಜಿ, ಇಂಗ್ಲಿಷ್ ಮೂರೂ ಒಟ್ಟಿಗೆ ಸಿಗುತ್ತೆ, ಬರೆಯೋ ಹುಚ್ಚಿರೋ ಮಗುವಿಗೆ ಅದು ಒಳ್ಳೇದು, ಇಂಗ್ಲಿಷಿನ ಜೊತೆ ಇನ್ನೊಂದು ಕೈಲಿರುತ್ತೆ.

ಕೆಲಸದ ಲೆಕ್ಕಾನೂ ಕೇಳ್ಕೊ. ಪಿಯು ಲೆಕ್ಚರರ್ ಆಗೋಕೆ ಎಂಎ 55 ಪರ್ಸೆಂಟ್ ಜೊತೆ ಬಿಎಡ್ ಬೇಕು, ಬಿಎಡ್ ಈಗ ಎರಡು ವರ್ಷ. ಡಿಗ್ರಿ ಕಾಲೇಜಿಗೆ ಎಂಎ ಮೇಲೆ ನೆಟ್ ಅಥವಾ ಕೆಸೆಟ್ ಅನ್ನೋ ಅರ್ಹತಾ ಪರೀಕ್ಷೆ ಪಾಸಾಗಬೇಕು, ನೆಟ್ ಅಂದ್ರೆ ಎರಡು ಪೇಪರ್ ಸೇರಿ 150 ಪ್ರಶ್ನೆ, 300 ಮಾರ್ಕ್ಸು, ಮೂರು ಗಂಟೆ, ಎಲ್ಲಾ ಆಬ್ಜೆಕ್ಟಿವ್ವು. ಎಂಎಗೆ ಯಾವ ಯೂನಿವರ್ಸಿಟಿ ಏನು ಕೇಳುತ್ತೆ ಅನ್ನೋದನ್ನ ಈಗ್ಲೇ ಅವರ ನೋಟಿಫಿಕೇಷನ್ ತೆಗೆದು ಓದಿ ಇಟ್ಕೊಳ್ಳಿ, ಮೂರು ವರ್ಷ ಆದ್ಮೇಲೆ ಅಲ್ಲ. ಕೆಎಎಸ್ಸು, ಬ್ಯಾಂಕು ಇವಕ್ಕೆಲ್ಲ ಯಾವ ಡಿಗ್ರಿ ಆದ್ರೂ ಆಗುತ್ತೆ, ಬಿಎ ಅಂತ ಯಾರೂ ಬಾಗಿಲು ಹಾಕಲ್ಲ. ಕಂಟೆಂಟ್ ರೈಟಿಂಗ್ ಅಂತ ನಿಮ್ಮತ್ತಿಗೆ ಮಗಳು ಮಾಡ್ತಿದ್ಲಲ್ಲ, ಅದನ್ನೀಗ ಚಾಟ್‌ಜಿಪಿಟಿ ಮಾಡುತ್ತೆ ಅಂತ ಅವಳೇ ಗೋಳಾಡ್ತಿದ್ಲು, ಹಂಗಾಗಿ ಬರೀ ಅದನ್ನ ನೆಚ್ಚಿಕೊಳ್ಳೋದು ಬೇಡ. ಎರಡು ಭಾಷೆ ಚೆನ್ನಾಗಿ ಬಂದ್ರೆ ಅನುವಾದ, ಪಬ್ಲಿಷಿಂಗು, ಸಬ್‌ಟೈಟಲ್ಲು ಅಂತ ದಾರಿ ಇದೆ. ಬರೀತೀನಿ ಅಂದಿದಾಳಲ್ಲ, ಇಲ್ಲಿ ತನಕ ಬರೆದಿದ್ದು ಏನಾದ್ರೂ ಇದ್ಯಾ ಅಂತ ಕೇಳು, ಇದ್ರೆ ನಂಗೆ ಕಳಿಸ್ಲಿ, ಕೆಂಪು ಪೆನ್ನು ಇನ್ನೂ ಇಟ್ಕೊಂಡಿದೀನಿ.

ಕಾಲೇಜಿಗೆ ಹೋಗಿ ಬಂದ್ಮೇಲೆ ನಂಗೆ ಫೋನ್ ಮಾಡು, ಸಂಜೆ ಆರರ ಮೇಲೆ. ಗ್ರೂಪಲ್ಲಿ ಹಾಕ್ಬೇಡ, ನಿಮ್ಮ ಮಾವ ಮತ್ತೆ ಸ್ಕೋಪ್ ಅಂತ ಶುರು ಮಾಡ್ತಾರೆ.