ಟೆಲಿಸ್ಕೋಪನ್ನ ‘ಗುರಿ ಇಡೋದಾ’, ‘ಹಿಡಿಯೋದಾ’? ಲೇಸರ್ ಪಾಯಿಂಟರಿಗೆ ಏನನ್ನೋಣ?

ಎಲ್ಲರಿಗೂ ನಮಸ್ಕಾರ. ಒಂದು ಪದದ ವಿಚಾರಕ್ಕೆ ನಿಮ್ಮ ಸಹಾಯ ಬೇಕು, ಹೆಸರಿಗಿಂತ ಹೆಚ್ಚಾಗಿ ಕ್ರಿಯಾಪದದ್ದು.

ನಾವು ನಾಲ್ಕೈದು ಜನ ಬೆಂಗಳೂರು ಸುತ್ತಮುತ್ತ ಕನ್ನಡ ಶಾಲೆಗಳಲ್ಲಿ ಮಕ್ಕಳಿಗೆ ರಾತ್ರಿ ಆಕಾಶ ತೋರಿಸ್ತೀವಿ, 8 ಇಂಚಿನ ಡಾಬ್ಸೋನಿಯನ್ (ಕೈಯಲ್ಲೇ ತಳ್ಳಿ ತಿರುಗಿಸೋ ಟೆಲಿಸ್ಕೋಪ್) ಒಂದಿದೆ, ಅದು ಆಕಾಶದಲ್ಲಿ ಎಲ್ಲಿಗೆ ತಿರುಗಿದೆ ಅಂತ ಕಾಣಲಿ ಅಂತ ಅದರ ಬೆನ್ನ ಮೇಲೆ 5 ಮಿಲಿವ್ಯಾಟಿನ ಹಸಿರು ಲೇಸರ್ ಕೂರಿಸಿದೀವಿ. ಮಕ್ಕಳೇ ಟೆಲಿಸ್ಕೋಪ್ ತಿರುಗಿಸಲಿ ಅಂತ ಎರಡು ಪುಟದ ಕೈಪಿಡಿ ಬರೆದೆ, ಅದರಲ್ಲಿ "ಲೇಸರ್ ಸಹಾಯದಿಂದ ದೂರದರ್ಶಕವನ್ನು ನಕ್ಷತ್ರಕ್ಕೆ ಗುರಿಯಿಡಿ" ಅಂತಿತ್ತು. ಹೋದ ತಿಂಗಳು ಯಲಹಂಕದ ಕಡೆ ಒಂದು ಶಾಲೆ ತಾರಸಿ ಮೇಲೆ, ಲೇಸರನ್ನ ಇನ್ನೂ ಟ್ಯೂಬಿಗೆ ಸಿಕ್ಕಿಸಿರಲಿಲ್ಲ, ಏಳನೇ ಕ್ಲಾಸ್ ಹುಡುಗ ಒಬ್ಬ ಈ ಸಾಲನ್ನ ಜೋರಾಗಿ ಓದಿ, ಲೇಸರ್ ಕೈಗೆತ್ತಿಕೊಂಡು "ಸಾರ್, ಯಾವುದಕ್ಕೆ ಹೊಡೀಲಿ?" ಅಂದ. ಅದೇ ಹೊತ್ತಿಗೆ ದೇವನಹಳ್ಳಿ ಕಡೆಗೆ ವಿಮಾನ ಇಳೀತಾ ಇತ್ತು. ನನ್ನ ಎದೆ ಧಸಕ್ ಅಂತು, ಓಡಿ ಹೋಗಿ ಅವನ ಕೈ ಹಿಡ್ಕೊಂಡೆ. ಆ ಬೆಳಕು ಕಾಕ್‌ಪಿಟ್ ಗಾಜಿಗೆ ಬಿದ್ರೆ ಅಷ್ಟಗಲ ಹರಡಿ ಪೈಲಟ್ ಕಣ್ಣು ಕೋರೈಸತ್ತೆ, ಅದೂ ಇಳಿಯೋ ಹೊತ್ತಲ್ಲಿ. ತಪ್ಪು ಹುಡುಗಂದಲ್ಲ, ನಾನು ಬರೆದ ಪದದ್ದು. ಗುರಿ ಅಂದ್ರೆ ಕನ್ನಡದಲ್ಲಿ ಬಾಣ, ಕವಣೆ, ಬಂದೂಕು ಹಿಂದೇನೇ ಬರತ್ತೆ.

ಮಾತಾಡುವಾಗ ಏನಂತೀವಿ ಅಂತ ಆಮೇಲೆ ಗಮನ ಇಟ್ಟು ಕೇಳಿಸ್ಕೊಂಡೆ. "ಶನಿ ಕಡೆ ಹಿಡಿ, ಇನ್ನೊಂಚೂರು ಎಡಕ್ಕೆ ಹಿಡಿ." ಕ್ಯಾಮೆರಾ ಹಿಡೀತೀವಿ, ಟಾರ್ಚ್ ಹಿಡೀತೀವಿ, ಕನ್ನಡಿ ಹಿಡೀತೀವಿ. ಆದರೆ ಲೇಸರಿಗೆ ಬಂದಾಗ ಎಲ್ಲರೂ "ಬಿಡು" ಅಂತಾರೆ, ನೀರು ಬಿಟ್ಟ ಹಾಗೆ, ಬಾಣ ಬಿಟ್ಟ ಹಾಗೆ. ಈ ವ್ಯತ್ಯಾಸ ನನಗೆ ತುಂಬಾ ಸರಿ ಅನ್ಸತ್ತೆ. ಕೈಪಿಡಿಯಲ್ಲಿ ಈಗ "ಟೆಲಿಸ್ಕೋಪನ್ನು ಗುರುಗ್ರಹದ ಕಡೆ ಹಿಡಿಯಿರಿ", "ವಿಮಾನದ ಕಡೆ, ಜನರ ಕಡೆ ಲೇಸರ್ ಬಿಡಲೇಬೇಡಿ" ಅಂತ ಬದಲಾಯಿಸಿದೀನಿ. ದೂರದರ್ಶಕ ಅನ್ನೋದನ್ನೂ ತೆಗೆದೆ, ಮಕ್ಕಳಿಗೆ ಅದು ದೂರದರ್ಶನ ಅಂತಲೇ ಕೇಳ್ಸೋದು.

ಈಗ ಹೆಸರು. ಪಾಯಿಂಟರಿಗೆ ‘ಸೂಚಕ’ ಅಂತ ಬರೀತಾರೆ, ನನಗೆ ಒಗ್ಗಲ್ಲ, ಸೂಚಕ ಅಂದ್ರೆ ಬೆಲೆ ಸೂಚ್ಯಂಕ, ಎಚ್ಚರಿಕೆ ಫಲಕ ಇವೇ ನೆನಪಾಗತ್ತೆ. ಗೆಳೆಯರೊಬ್ಬರು ‘ಕದಿರು’ ಸೇರಿಸಿ ಮಾಡಿ ಅಂದ್ರು, ಚೆಂದದ ಹಳೇ ಪದ, ಆದರೆ ಕಿರಣ ಅನ್ನೋ ಅರ್ಥ ಮಕ್ಕಳಿಗೆ ಗೊತ್ತಿಲ್ಲ, ರಾಟೆ ಕಂಡೋರಿಗೆ ನೂಲೋ ಕದಿರು ಹೊಳೆಯತ್ತೆ. ನನಗೆ ಹಿಡಿಸಿದ್ದು ‘ತೋರುಗೋಲು’. ತೋರುಬೆರಳು ಇದೆ, ಊರುಗೋಲು ಇದೆ, ಅಳತೆಗೋಲು ಇದೆ, ಮೇಷ್ಟ್ರು ಗೋಡೆ ಮೇಲಿನ ಮ್ಯಾಪಲ್ಲಿ ಕಾವೇರಿ ತೋರಿಸ್ತಿದ್ದಿದ್ದೂ ಕೋಲಲ್ಲೇ. ಲೇಸರ್ ಅನ್ನೋದನ್ನ ಹಾಗೇ ಬಿಟ್ಟು ‘ಲೇಸರ್ ತೋರುಗೋಲು’ ಅನ್ನಬಹುದು.

ಕೋಲು ಅನ್ನೋಕೆ ಇನ್ನೊಂದು ಕಾರಣ ಇದೆ. ಹಂಚಿನ ಮನೆಯಲ್ಲಿ ಬೆಳಿಗ್ಗೆ ಸಂದಿಯಿಂದ ಇಳಿಯೋ ಬಿಸಿಲುಕೋಲು ನೋಡಿರ್ತೀರಲ್ಲ, ಒಳಗೆ ಧೂಳು ಕುಣೀತಿರತ್ತೆ, ಆ ಧೂಳಿರೋದಕ್ಕೇ ಅದು ಕಾಣೋದು. ಲೇಸರೂ ಹಾಗೇ, ಗಾಳಿಯ ಅಣುಗಳು, ಧೂಳು, ತೇವ ಬೆಳಕನ್ನ ಚದುರಿಸೋದ್ರಿಂದ ಕೋಲು ಕಾಣತ್ತೆ, ಹಸಿರಿಗೆ (532 ನ್ಯಾನೋಮೀಟರ್) ನಮ್ಮ ಕಣ್ಣು ಕೆಂಪಿಗಿಂತ ಎಷ್ಟೋ ಚುರುಕಾಗಿರೋದ್ರಿಂದ ಅಷ್ಟೇ ಶಕ್ತಿಯ ಕೆಂಪು ಲೇಸರಿನ ಕೋಲು ಕಾಣೋದೇ ಇಲ್ಲ ಅನ್ನಬಹುದು. ಇನ್ನೊಂದು ಸೊಗಸು ಅಂದ್ರೆ ಬೆಳಕು ಮುಂದೆ ಹೋಗ್ತಾನೇ ಇದ್ರೂ ಕಣ್ಣಿಗೆ ಕೋಲು ಒಂದು ಕಡೆ ಮುಗಿದ ಹಾಗೆ ಕಾಣತ್ತೆ, ತುದಿ ನಕ್ಷತ್ರಕ್ಕೆ ತಾಗಿದ ಹಾಗೆ. ಅಕ್ಕಪಕ್ಕ ನಿಂತೋರಿಗೆಲ್ಲ ಅದೇ ನಕ್ಷತ್ರಕ್ಕೆ ತಾಗಿದ ಹಾಗೆ! ನಕ್ಷತ್ರ ಅಷ್ಟು ದೂರ ಇರೋದ್ರಿಂದ. ನೆತ್ತಿ ಮೇಲಿರೋದನ್ನ ಹುಡುಕೋಕೆ ನೇರ ಫೈಂಡರಲ್ಲಾದ್ರೆ (ಟ್ಯೂಬಿನ ಪಕ್ಕ ಕೂರಿಸೋ, ಹುಡುಕೋಕೆ ಅಂತಲೇ ಇರೋ ಪುಟ್ಟ ಟೆಲಿಸ್ಕೋಪ್) ಮಂಡಿಯೂರಿ ಕತ್ತು ತಿರುಚ್ಕೋಬೇಕು, ಇಲ್ಲಿ ನಿಂತಲ್ಲೇ ಟ್ಯೂಬ್ ತಳ್ಳುತ್ತಾ ಕೋಲಿನ ತುದಿಯನ್ನ ಕೃತ್ತಿಕೆಗೆ ಮುಟ್ಟಿಸಿದ್ರೆ ಆಯ್ತು, ಕಣ್ಣಿಟ್ಟು ನೋಡೋ ಮಸೂರದಲ್ಲಿ, ಅಂದ್ರೆ ಐಪೀಸಲ್ಲಿ, ಅದೇ ಇರತ್ತೆ. ‘ಮುಟ್ಟಿಸು’ ಅನ್ನೋ ಮಾತೂ ಮಕ್ಕಳದ್ದೇ, ನಾನು ಹೇಳಿಕೊಟ್ಟಿದ್ದಲ್ಲ.

ಉಳಿದಿರೋದು ಒಂದು ಕೆಲಸದ ಹೆಸರು. ಮೊದಲು ಗುರುಗ್ರಹವನ್ನ 25 ಮಿಲಿಮೀಟರ್ ಐಪೀಸಿನ ನಡುವೆ ತಂದು, ಆಮೇಲೆ ಲೇಸರನ್ನ ಹಿಡಿದಿಡೋ ಬ್ರಾಕೆಟ್ಟಿನ ತಿರುಪು ತಿರುಗಿಸ್ತಾ ಲೇಸರಿನ ತುದಿನೂ ಅಲ್ಲಿಗೇ ಬರೋ ಹಾಗೆ ಮಾಡ್ತೀವಿ, ಅಂದ್ರೆ ಟ್ಯೂಬು ಮತ್ತೆ ಕೋಲು ಸಮಾನಾಂತರ ಆಗ್ಬೇಕು. ‘ಹೊಂದಿಸು’ ಅಂದ್ರೆ ಏನು ಬೇಕಾದ್ರೂ ಆಗಬಹುದು. ಸದ್ಯಕ್ಕೆ ‘ಒಂದೇ ನೇರಕ್ಕೆ ತನ್ನಿ’ ಅಂತ ಬರೆದಿದೀನಿ. ರಸಮಟ್ಟ, ತೂಗುಗುಂಡು ಇಟ್ಕೊಂಡು ದಿನಾ ಕೆಲಸ ಮಾಡೋ ಗಾರೆಯೋರು, ಬಡಗಿಗಳು ಇದಕ್ಕೆ ಒಂದೇ ಪದ ಇಟ್ಕೊಂಡಿರ್ತಾರೆ ಅನ್ನೋ ನಂಬಿಕೆ ನನಗೆ. ನಿಮ್ಮೂರ ಕಡೆ ಏನಂತಾರೆ ದಯವಿಟ್ಟು ತಿಳಿಸಿ, ‘ತೋರುಗೋಲು’ ಬೇರೆ ಅರ್ಥದಲ್ಲಿ ಬಳಕೆಯಲ್ಲಿದ್ರೆ ಅದನ್ನೂ ಹೇಳಿ. ಮುಂದಿನ ಅಮಾವಾಸ್ಯೆ ಹೊತ್ತಿಗೆ ಕೈಪಿಡಿ ಮತ್ತೆ ಜೆರಾಕ್ಸ್ ಮಾಡಿಸ್ಬೇಕು.