‘ಬಿಲ್ಲುಗಾರ’: ಬಿಲ್ಲು ಮಾಡುವವನೋ, ಬಾಣ ಬಿಡುವವನೋ?

ಪ್ರಶ್ನೆ:
‘ಕುಂಬಾರ’ ಎಂಬುದು ‘ಕುಂಭಕಾರ’ದ ತದ್ಭವ, ಅವನು ಮಡಕೆ ಮಾಡುವವನು. ‘ಬಿಲ್ಲುಗಾರ’ದಲ್ಲಿರುವ ‘ಗಾರ’ವೂ ಅದೇ ‘ಕಾರ’ವಾಗಿದ್ದರೆ, ಆ ಪದಕ್ಕೆ ಬಿಲ್ಲು ಮಾಡುವವನು ಎಂಬ ಅರ್ಥ ಬರಬೇಕಿತ್ತಲ್ಲವೇ? ಬಾಣ ಬಿಡುವವನನ್ನು ಹಾಗೇಕೆ ಕರೆಯುತ್ತೇವೆ?

ಉತ್ತರ 1:
ಮೂಲ ಅದೇ ಆದರೂ, ಕನ್ನಡಕ್ಕೆ ಬಂದ ಮೇಲೆ ಆ ಪ್ರತ್ಯಯವು ‘ಮಾಡುವವನು’ ಎಂಬ ಕಟ್ಟನ್ನು ಕಳಚಿಕೊಂಡಿದೆ. ಬಳೆಗಾರ ಬಳೆ ಮಾರುತ್ತಾನೆ, ಬೇಟೆಗಾರ ಬೇಟೆಯಾಡುತ್ತಾನೆ, ಸಾಲಗಾರನಂತೂ ಸಾಲವನ್ನು ಹೊತ್ತಿರುತ್ತಾನೆ. ಹೆಸರಿಗೂ ವ್ಯಕ್ತಿಗೂ ಇರುವ ನಂಟು ಎಂಥದೆಂಬುದನ್ನು ಬಳಕೆಯೇ ತೀರ್ಮಾನಿಸುತ್ತದೆ. ‘ಬಿಲ್ಲು’ ಮಾತ್ರ ಅಚ್ಚ ದ್ರಾವಿಡ ಪದ. ತಮಿಳಿನ ‘ವಾಯ್’ ನಮ್ಮಲ್ಲಿ ‘ಬಾಯಿ’ಯಾಗಿರುವಂತೆ, ‘ವಿಲ್’ ಎಂಬುದಕ್ಕೆ ಹಳಗನ್ನಡದಲ್ಲಿ ‘ಬಿಲ್’ ಇದೆ. (ತಿಂಗಳ ಕೊನೆಗೆ ಕಟ್ಟುವ ‘ಬಿಲ್ಲು’ ಬೇರೆ, ಅದರ ಏಟಿಗೆ ಬಾಣವೇ ಬೇಕಿಲ್ಲ.)

ಉತ್ತರ 2:
ನಿಮ್ಮ ಸಂದೇಹಕ್ಕೆ ಸಂಸ್ಕೃತದಲ್ಲೇ ಆಧಾರವಿದೆ. ಶುಕ್ಲ ಯಜುರ್ವೇದದ 30ನೆಯ ಅಧ್ಯಾಯದಲ್ಲಿ ‘ಧನುಷ್ಕಾರ’ ಎಂಬ ಪದ ಬರುತ್ತದೆ. ಹೆದೆ ಮಾಡುವ ‘ಜ್ಯಾಕಾರ’ನ ಜೊತೆಗೇ ಬರುವ ಅವನು ಬಿಲ್ಲು ಮಾಡುವ ಕುಶಲಕರ್ಮಿ. ಅಂದರೆ ‘ಬಿಲ್ಲುಗಾರ’ದ ಅದೇ ಕಟ್ಟಡ, ಅರ್ಥ ಮಾತ್ರ ಬೇರೆ. ಬಿಲ್ಲನ್ನು ಆಯುಧವಾಗಿ ಉಳ್ಳವನಿಗೆ ಪಾಣಿನಿಯ ವ್ಯಾಕರಣದಂತೆ ‘ಧಾನುಷ್ಕ’ ಎಂಬ ರೂಪ ಸಿದ್ಧವಾಗುತ್ತದೆ. ಅಮರಕೋಶವು ಇದರೊಂದಿಗೆ ಧನ್ವೀ, ಧನುಷ್ಮಾನ್, ನಿಷಂಗೀ, ಅಸ್ತ್ರೀ, ಧನುರ್ಧರ ಎಂಬ ಹೆಸರುಗಳನ್ನೂ ಕೊಡುತ್ತದೆ. ನಿಷಂಗಿಯು ಬತ್ತಳಿಕೆಯುಳ್ಳವನು, ಉಳಿದವು ಬಹುಮಟ್ಟಿಗೆ ಬಿಲ್ಲನ್ನು ಹಿಡಿದವನು ಅಥವಾ ಉಳ್ಳವನು ಎಂದಷ್ಟೇ ಹೇಳುತ್ತವೆ. ಎಸೆಯುವ ಕ್ರಿಯೆಯ ಸುಳಿವು ಇರುವುದು ‘ಅಸ್ತ್ರ’ದ ಧಾತುವಿನಲ್ಲಿ ಮಾತ್ರ.

ಪ್ರಶ್ನೆ ಕೇಳಿದವರು:
‘ಧನುಷ್ಕಾರ’ ನನಗೆ ಹೊಸದು. ‘ಸವ್ಯಸಾಚಿ’ಯನ್ನೂ ಇದೇ ಸಾಲಿಗೆ ಸೇರಿಸಬಹುದೇ?

ಉತ್ತರ 2:
ಸೇರಿಸಲಾಗದು. ಅದು ಎಡಗೈಯಿಂದಲೂ ಬಾಣ ಬಿಡಬಲ್ಲ ಅರ್ಜುನನ ಬಿರುದು. ಬಿಲ್ಲು ಹಿಡಿದವರೆಲ್ಲರಿಗೂ ಸಲ್ಲುವ ಸಾಮಾನ್ಯ ನಾಮವಲ್ಲ.

ಉತ್ತರ 3:
ಹಳೆಯ ಕಾವ್ಯಗಳ ‘ಬಿಲ್ಲಾಳು’, ‘ಬಿಲ್ಲೋಜ’ ಎಂಬ ಪದಗಳನ್ನೂ ಗಮನಿಸಿ. ಮೊದಲನೆಯವನು ಬಿಲ್ಲು ಹಿಡಿದ ಯೋಧ, ಎರಡನೆಯವನು ಬಿಲ್ವಿದ್ಯೆಯ ಗುರು. ‘ಓಜ’ ಎಂಬುದು ‘ಉಪಾಧ್ಯಾಯ’ದ ತದ್ಭವ. ಬಾಣ ಬಿಡುವುದಕ್ಕೆ ಕನ್ನಡದಲ್ಲಿ ‘ಎಸು’ ಎಂಬ ಧಾತುವೇ ಇತ್ತು; ಕಾವ್ಯಗಳಲ್ಲಿ ‘ಎಚ್ಚನು’ ಎಂದು ಓದುವುದು ಅದರ ಭೂತಕಾಲದ ರೂಪವನ್ನೇ.